ಹನ್ನೆರಡು ಗುಳಿಗಳ ಪ್ರತಿಷ್ಠೆ

ಚೆನ್ನೆಮಣೆ, ಅಳಗುಳಿಮಣೆ ಆಡಿ ಬೆಳೆದವರಿಗೆ ಪಶ್ಚಿಮ ಆಫ್ರಿಕಾದ ಆಟದ ಮಣೆ ಅಪರಿಚಿತವೇನಲ್ಲ. ಘಾನಾದ ಅಕನ್ ಜನರಿಗೆ ಅದು ಓವಾರೆ, ನೈಜೀರಿಯಾದ ಯೊರುಬಾ ಜನರಿಗೆ ಆಯೊ. ನಮ್ಮಲ್ಲಿ ಸಾಲಿಗೆ ಏಳು ಗುಳಿ, ಅಲ್ಲಿ ಆರು. ಗುಳಿಗೆ ನಾಲ್ಕರಂತೆ ಒಟ್ಟು 48 ಕಾಯಿ. ಆ ಕಾಯಿಯೂ ಹೆಚ್ಚಾಗಿ ನಮ್ಮ ಬೇಲಿಗಳಲ್ಲಿ ಸಿಗುವ ಅದೇ ಬೂದುಬಣ್ಣದ ಗಜ್ಜುಗ.

ಆದರೆ ಲೈಬೀರಿಯಾ, ಐವರಿ ಕೋಸ್ಟ್ ಸೀಮೆಯ ಡಾನ್ ಜನ ಕಡೆದ ಮಣೆಗಳ ಗತ್ತೇ ಬೇರೆ. ಕೆಲವು ಮಣೆಗಳ ತುದಿಯಲ್ಲಿ ಹೆಣ್ಣಿನ ತಲೆಯೊಂದು ಮೂಡಿರುತ್ತದೆ: ಉಬ್ಬಿದ ಹಣೆ, ಗೆರೆ ಎಳೆದಂಥ ಕಣ್ಣು, ತುಂಬಿದ ತುಟಿ, ಒತ್ತಾಗಿ ಹೆಣೆದ ಜಡೆ. ಡಾನ್ ಮುಖವಾಡಗಳಲ್ಲಿ ಕಾಣುವ ಚೆಲುವೇ ಇದು. ಇಂಥ ಮಣೆ ಮಾಡಿಸುತ್ತಿದ್ದವರು ಊರಿನ ಉಳ್ಳವರು. ಬಂದವರೆದುರು ಅದನ್ನಿಟ್ಟು ಆಟಕ್ಕೆ ಕೂತರೆ, ಗೆಲ್ಲುವ ಮೊದಲೇ ಯಜಮಾನನ ಸ್ಥಾನಮಾನ ಸಾರಿದಂತಾಗುತ್ತಿತ್ತು.

ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲರ ಕಣ್ಣೂ ಆ ತಲೆಯ ಮೇಲೆಯೇ. ನನಗೆ ಮಾತ್ರ ಕೆತ್ತನೆ ಇಲ್ಲದ ಜಾಗವೇ ಕುಶಲಕರ್ಮಿಯ ಜಾಣ್ಮೆ ಅನ್ನಿಸುತ್ತದೆ. ಹಿಡಿ, ಅಂಚು, ಕಾಲುಗಳ ಮೇಲೆ ಉಳಿ ಎಷ್ಟು ಬೇಕಾದರೂ ಆಡಲಿ. ಗುಳಿಯೊಳಗೆ ಒಂದು ಗೆರೆಯೂ ಇರಬಾರದು. ಅಲ್ಲಿ ಬೆರಳು ಸರಾಗವಾಗಿ ಓಡಬೇಕು. ಬಹುಕಾಲ ಆಡಿದ ಮಣೆಯ ಗುಳಿಗಳಿಗೆ ಹೊಳಪು ಕೊಟ್ಟಿದ್ದು ಉಳಿಯಲ್ಲ, ಆಡಿದವರ ಕೈ.

ಓವಾರೆಯ ನಿಯಮ ಕೇಳುವುದಕ್ಕೆ ಸುಲಭ. ನಿಮ್ಮ ಸಾಲಿನ ಒಂದು ಗುಳಿಯನ್ನು ಬರಿದು ಮಾಡಿ, ಎಡದಿಂದ ಬಲಕ್ಕೆ ಗುಳಿಗೊಂದರಂತೆ ಹಾಕುತ್ತ ಎದುರಾಳಿಯ ಸಾಲಿಗೆ ದಾಟಬೇಕು. ಕೊನೆಯ ಕಾಯಿ ಅವನ ಗುಳಿಗೆ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅವೆಲ್ಲ ನಿಮ್ಮವು. 25 ಕಾಯಿ ಗಳಿಸಿದವರು ಗೆದ್ದರು. ಆದರೆ ಎದುರಾಳಿಯ ಸಾಲು ಪೂರ್ತಿ ಬರಿದಾಗಿದ್ದರೆ, ಸಾಧ್ಯವಿದ್ದಷ್ಟೂ ಅವನ ಕಡೆಗೆ ಕಾಯಿ ತಲುಪುವ ನಡೆಯನ್ನೇ ಆಡಬೇಕು. ಉಪವಾಸ ಕೆಡವಿ ಗೆಲ್ಲುವಂತಿಲ್ಲ! ಗುಲಾಮರಾಗಿ ಕಡಲು ದಾಟಿದವರೊಂದಿಗೆ ಈ ಆಟ ಕೆರಿಬಿಯನ್ ದ್ವೀಪಗಳಿಗೂ ಹೋಯಿತು. ಆಂಟಿಗುವಾದಲ್ಲಿ ಇಂದಿಗೂ ‘ವಾರಿ’ ಆಡುತ್ತಾರೆ.

2002ರಲ್ಲಿ ಆಮ್‌ಸ್ಟರ್‌ಡ್ಯಾಂನ ಜಾನ್ ರೊಮೈನ್, ಹೆನ್ರಿ ಬಾಲ್ ಎಂಬ ವಿಜ್ಞಾನಿಗಳು 144 ಪ್ರೊಸೆಸರ್‌ಗಳನ್ನು ಜೋಡಿಸಿ ಈ ಆಟದ 88,900 ಕೋಟಿಗೂ ಹೆಚ್ಚು ಸ್ಥಿತಿಗಳನ್ನು ಲೆಕ್ಕಹಾಕಿದರು. ಇಬ್ಬರೂ ತಪ್ಪದೆ ಆಡಿದರೆ ಆಟ ಸಮ ಎಂದಿತು ಯಂತ್ರ. ತಪ್ಪದೆ ಆಡುವ ಮನುಷ್ಯರು ಎಲ್ಲಿದ್ದಾರೆ?

ಘಾನಾದ ಕುಮಾಸಿ ಬಳಿಯ ಅಹ್ವಿಯಾ ಮರಗೆತ್ತನೆಗೆ ಹೆಸರಾದ ಹಳ್ಳಿ. ಪೀಠ, ಬೊಂಬೆಗಳ ಜೊತೆ ಓವಾರೆ ಮಣೆಯೂ ಅಲ್ಲಿ ಸಿಗುತ್ತದೆ. ಪ್ರವಾಸಿಗರ ಚೀಲಕ್ಕೆ ಹಿಡಿಸುವ, ಕೀಲಿಟ್ಟು ಮಡಚುವ ಮಣೆಗಳೂ ಘಾನಾದ ಮಾರುಕಟ್ಟೆಗಳಲ್ಲಿವೆ. ಕೊಳ್ಳುವವರು ಕೆತ್ತನೆಗೆ ಮರುಳಾಗುವ ಮೊದಲು ಗುಳಿಯ ಆಳ ನೋಡಬೇಕು. ಒಂದೇ ಗುಳಿಯಲ್ಲಿ ಹನ್ನೆರಡಕ್ಕಿಂತ ಹೆಚ್ಚು ಕಾಯಿ ಕೂಡಿಟ್ಟು ಒಮ್ಮೆಗೇ ಸುತ್ತುಹೊಡೆಸುವುದು ಪಳಗಿದವರ ತಂತ್ರ. ಆಳ ಸಾಲದಿದ್ದರೆ ಅಷ್ಟು ಗಜ್ಜುಗ ಅಲ್ಲಿ ನಿಲ್ಲುವುದಿಲ್ಲ.