ಲೆಕ್ಕ ಕಲಿತ ಗೇಟು

ಯಾದಗಿರಿ ಜಿಲ್ಲೆಯ ಕೆಂಭಾವಿ ಸಂತೆಯಲ್ಲಿ ಇಬ್ಬರು ರೈತರು ಎದುರಾದರೆ ಕ್ಷೇಮಸಮಾಚಾರಕ್ಕೂ ಮೊದಲು ಬರುವ ಮಾತು, ‘ಕೆನಾಲಿಗೆ ನೀರ್ ಬಿಟ್ಟಾರೇನ್ರಿ?’ ಬಿಟ್ಟಿದ್ದಾರೆ ಅಂದರೂ ಸಮಾಧಾನವಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ ಬಿಟ್ಟ ನೀರು ತಮ್ಮ ಹೊಲದ ತನಕ ಬರಬೇಕಲ್ಲ!

ಈ ಕಾಲುವೆ ಸೇರಿರುವ ಕೃಷ್ಣಾ ಮೇಲ್ದಂಡೆ ಯೋಜನೆ ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಹಗುರ ನೀರಾವರಿ. ಜೋಳ, ತೊಗರಿ, ಶೇಂಗಾ, ಹತ್ತಿಗೆ ಆಗಾಗ ಒಂದಿಷ್ಟು ನೀರುಣಿಸಿದರೆ ಸಾಕು, ಹೆಚ್ಚು ಹಳ್ಳಿಗಳಿಗೆ ಹಂಚಬಹುದು ಎಂಬ ಲೆಕ್ಕ. ಭತ್ತ, ಕಬ್ಬಿಗೆ ಅದರಲ್ಲಿ ಜಾಗವಿರಲಿಲ್ಲ. ಆದರೆ ಕಾಲುವೆಯ ತಲೆಭಾಗದ ಹೊಲಗಳಲ್ಲಿ ಭತ್ತ ನಿಂತಿತು. ಅಲ್ಲಿ ನೀರು ಹೆಚ್ಚಾಗಿ ನೆಲ ಸವಳು-ಜವಳಾದರೆ, ಕೊನೆಭಾಗದವರು ಬಿರುಕು ಬಿಟ್ಟ ಎರೆ ನೋಡುತ್ತ ಕೂತರು.

2023ರ ಜನವರಿ 19ರಂದು ಇದೇ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಇದಕ್ಕೇ ಉತ್ತರವೆನ್ನಲಾಯಿತು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ; ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್; ಕಲಬುರಗಿ, ಯಾದಗಿರಿ, ವಿಜಯಪುರದ 560 ಹಳ್ಳಿಗಳ ನಾಲ್ಕೂವರೆ ಲಕ್ಷ ಹೆಕ್ಟೇರ್ ಇದರ ಅಚ್ಚುಕಟ್ಟು. ಹಳೇ ಗೇಟು ಕೈಯಿಂದ ತಿರುಗಿಸುವ ಕಬ್ಬಿಣ. ರಾತ್ರಿ ಯಾರೋ ಎತ್ತಿ ಕೆಳಗೆ ಕಲ್ಲು ತುರುಕಿದರೆ ಬೆಳಗಿನವರೆಗೆ ಕೇಳುವವರಿಲ್ಲ. ಹೊಸ ವ್ಯವಸ್ಥೆಯಾದ ‘ಸ್ಕಾಡಾ’ದಲ್ಲಿ ಗೇಟಿನ ಬಳಿ ನೀರಿನ ಮಟ್ಟ ಅಳೆಯುವ ಸಂವೇದಕವಿರುತ್ತದೆ. ಮಟ್ಟವನ್ನೂ ಬಾಗಿಲು ತೆರೆದಷ್ಟನ್ನೂ ಕೂಡಿಸಿ ಹರಿವಿನ ಲೆಕ್ಕ ತೆಗೆದು ನಿಯಂತ್ರಣ ಕೊಠಡಿಗೆ ಕಳಿಸುತ್ತದೆ. ಅಲ್ಲಿಂದಲೇ ಏರಿಸಬಹುದು, ಇಳಿಸಬಹುದು.

ಜಾಣ ಗೇಟೇ, ಒಪ್ಪೋಣ. ಆದರೆ ಎಷ್ಟು ಹರಿಯಿತೆಂದು ಹೇಳುವ ಯಂತ್ರ, ಯಾರ ಗದ್ದೆಗೆಂದು ಕೇಳುವುದಿಲ್ಲ. ಭತ್ತ ಹಾಕಿದವನನ್ನು ಬರೀ ಬೈದರೂ ಪ್ರಯೋಜನವಿಲ್ಲ. ಭತ್ತಕ್ಕೆ ಗಿರಣಿಯಿದೆ, ವ್ಯಾಪಾರಿಯಿದ್ದಾನೆ, ಮುಂಗಡ ಸಾಲವೂ ಇದೆ. ತೊಗರಿಯ ದರ ಒಂದು ವರ್ಷ ಏರಿದರೆ ಮರುವರ್ಷ ಮುಗ್ಗರಿಸುತ್ತದೆ. ಇತ್ತ, ಕಾಲುವೆ ಹರಿಯುವ ಇದೇ ಯಾದಗಿರಿ ಮಕ್ಕಳ ಅಪೌಷ್ಟಿಕತೆಯಲ್ಲಿ ರಾಜ್ಯದ ತೀರ ಹಿಂದುಳಿದ ಜಿಲ್ಲೆಗಳಲ್ಲೊಂದು. ಆ ಮಕ್ಕಳಿಗೆ ರೊಟ್ಟಿ, ಬೇಳೆ ಕೊಡುವ ಪೈರಿಗೆ ಬೇಕಾದ ನೀರು ಭತ್ತಕ್ಕಿಂತ ಎಷ್ಟೋ ಕಡಿಮೆ. ಆ ಪೈರಿಗೆ ಖಾತ್ರಿ ಖರೀದಿ ಇಲ್ಲದೆ ಗೇಟು ಇಳಿಸಿದರೆ ತಲೆಭಾಗದವರು ಸುಮ್ಮನಿರುವರೇ?

ನನಗನಿಸುವುದಿಷ್ಟು: ಪ್ರತಿ ಉಪಕಾಲುವೆಗೆ ಎಷ್ಟು ನೀರು ಹೋಯಿತೆಂಬ ಅಂಕಿಯನ್ನು ಪರದೆಯಲ್ಲೇ ಬಿಡದೆ, ವಾರಕ್ಕೊಮ್ಮೆ ಪಂಚಾಯಿತಿ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಬೇಕು. ನೀರು ಬಿಡುವುದನ್ನು ತೀರ್ಮಾನಿಸುವ ಆಲಮಟ್ಟಿಯ ನೀರಾವರಿ ಸಲಹಾ ಸಮಿತಿ ಸಭೆಗೆ ಕೊನೆಭಾಗದವರು ಮನವಿಪತ್ರದ ಜೊತೆ ಆ ಅಂಕಿಯನ್ನೂ ಒಯ್ಯಲಿ.