ಕೊಡಗು ಜಿಲ್ಲೆಯಲ್ಲಿ ಸಾರ್ವಜನಿಕ ಆರೋಗ್ಯ ಸೇವೆಗಳ ನಿರ್ವಹಣೆ: ನಾಗರಿಕರಿಗೆ ಮಾಹಿತಿ

ಪೀಠಿಕೆ

ಪಶ್ಚಿಮ ಘಟ್ಟಗಳ ಮಡಿಲಲ್ಲಿರುವ ಕೊಡಗು ಜಿಲ್ಲೆಯು 4,102 ಚದರ ಕಿಲೋಮೀಟರ್ ವಿಸ್ತೀರ್ಣವನ್ನು ಹೊಂದಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಜನಸಂಖ್ಯೆಯಲ್ಲಿ ಇದು ರಾಜ್ಯದ ಅತಿ ಚಿಕ್ಕ ಜಿಲ್ಲೆಯಾಗಿದ್ದು, ನೂರಕ್ಕೆ ಸುಮಾರು 85 ಮಂದಿ ಗ್ರಾಮೀಣ ಪ್ರದೇಶದಲ್ಲಿ ವಾಸಿಸುತ್ತಾರೆ. ಜನವಸತಿಗಳು ಒಂದೆಡೆ ಗುಂಪುಗೂಡದೆ ಕಾಫಿ ತೋಟಗಳ ಲೈನ್ ಮನೆಗಳು, ಕಾಡಂಚಿನ ಹಾಡಿಗಳು ಮತ್ತು ಒಂಟಿ ಮನೆಗಳಾಗಿ ಹರಡಿಕೊಂಡಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಭಾರಿ ಮಳೆಯಲ್ಲಿ ರಸ್ತೆ ಸಂಪರ್ಕ ಕಡಿತಗೊಳ್ಳುವುದುಂಟು. ಇಂತಹ ಪ್ರದೇಶದಲ್ಲಿ ರೋಗಿಯು ಸಕಾಲದಲ್ಲಿ ಸೂಕ್ತ ಆಸ್ಪತ್ರೆಯನ್ನು ತಲುಪುವುದೇ ಚಿಕಿತ್ಸೆಯ ಮೊದಲ ಹಂತವಾಗಿರುತ್ತದೆ. ಆದುದರಿಂದ ಯಾವ ಸೇವೆಗೆ ಯಾವ ಕೇಂದ್ರಕ್ಕೆ ಹೋಗಬೇಕು, ಯಾವ ದಾಖಲೆಯನ್ನು ಒಯ್ಯಬೇಕು ಮತ್ತು ಸೇವೆ ದೊರೆಯದಿದ್ದಲ್ಲಿ ಯಾರಿಗೆ ತಿಳಿಸಬೇಕು ಎಂಬುದನ್ನು ಸಾರ್ವಜನಿಕರು ಮುಂಚಿತವಾಗಿ ಅರಿತಿರುವುದು ಅವಶ್ಯಕ.

1. ಆಡಳಿತ ವ್ಯವಸ್ಥೆ

ಜಿಲ್ಲೆಯಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಕಾರ್ಯಕ್ರಮಗಳ ಹೊಣೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರದು. ತಾಯಿ ಮತ್ತು ಮಕ್ಕಳ ಆರೋಗ್ಯ, ಕ್ಷಯರೋಗ, ಕುಷ್ಠರೋಗ, ಕೀಟಜನ್ಯ ರೋಗಗಳು ಹಾಗೂ ರೋಗ ಸರ್ವೇಕ್ಷಣೆಗೆ ಪ್ರತ್ಯೇಕ ಕಾರ್ಯಕ್ರಮಾಧಿಕಾರಿಗಳು ಅವರ ಅಧೀನದಲ್ಲಿ ಕಾರ್ಯನಿರ್ವಹಿಸುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಈ ಜವಾಬ್ದಾರಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳು ವಹಿಸಿರುತ್ತಾರೆ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮೀಣ ಆರೋಗ್ಯ ಕೇಂದ್ರಗಳ ಮೇಲ್ವಿಚಾರಣೆಯು ಜಿಲ್ಲಾ ಪಂಚಾಯತಿಯ ವ್ಯಾಪ್ತಿಗೆ ಸೇರಿದೆ. ಜಿಲ್ಲಾ ಪಂಚಾಯತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯನ್ನು ರಚಿಸಲು ಅಧಿನಿಯಮದಲ್ಲಿ ಅವಕಾಶವಿದೆ.

ಮಡಿಕೇರಿಯ ಜಿಲ್ಲಾ ಆಸ್ಪತ್ರೆಯು 2016ರಲ್ಲಿ ಆರಂಭಗೊಂಡ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಾಗಿದೆ. ಈ ಸಂಸ್ಥೆಯು ವೈದ್ಯಕೀಯ ಶಿಕ್ಷಣ ಇಲಾಖೆಗೆ ಒಳಪಟ್ಟಿರುವುದರಿಂದ, ಬೋಧಕ ಆಸ್ಪತ್ರೆಗೆ ಸಂಬಂಧಿಸಿದ ಮನವಿಗಳನ್ನು ಸಂಸ್ಥೆಯ ಆಡಳಿತಕ್ಕೂ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸಂಬಂಧಿಸಿದ ಮನವಿಗಳನ್ನು ತಾಲ್ಲೂಕು ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಸಲ್ಲಿಸತಕ್ಕದ್ದು. ಮನವಿಯು ಸಂಬಂಧಪಡದ ಕಚೇರಿಗೆ ತಲುಪಿದಲ್ಲಿ ವಿಳಂಬವಾಗುತ್ತದೆ.

2. ಆರೋಗ್ಯ ಕೇಂದ್ರಗಳ ಶ್ರೇಣಿ

ರಾಷ್ಟ್ರೀಯ ಮಾನದಂಡದಂತೆ ಬಯಲು ಪ್ರದೇಶ ಹಾಗೂ ಗುಡ್ಡಗಾಡು ಮತ್ತು ಗಿರಿಜನ ಪ್ರದೇಶಗಳಿಗೆ ಕೇಂದ್ರಗಳ ಜನಸಂಖ್ಯಾ ಮಿತಿಯನ್ನು ಬೇರೆ ಬೇರೆಯಾಗಿ ನಿಗದಿಪಡಿಸಲಾಗಿದೆ.

- ಉಪಕೇಂದ್ರ: ಬಯಲು ಪ್ರದೇಶದಲ್ಲಿ 5,000, ಗುಡ್ಡಗಾಡು ಪ್ರದೇಶದಲ್ಲಿ 3,000 ಜನರಿಗೆ ಒಂದು
- ಪ್ರಾಥಮಿಕ ಆರೋಗ್ಯ ಕೇಂದ್ರ: ಬಯಲಿನಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು
- ಸಮುದಾಯ ಆರೋಗ್ಯ ಕೇಂದ್ರ: ಬಯಲಿನಲ್ಲಿ 1,20,000, ಗುಡ್ಡಗಾಡಿನಲ್ಲಿ 80,000 ಜನರಿಗೆ ಒಂದು

ಜನಸಂಖ್ಯೆ ಕಡಿಮೆಯಿದ್ದರೂ ನಡೆಯಬೇಕಾದ ದಾರಿ ದೂರವಾಗಿರುತ್ತದೆ ಎಂಬುದೇ ಈ ಸಡಿಲಿಕೆಗೆ ಕಾರಣ. ಉಪಕೇಂದ್ರದಲ್ಲಿ ಗರ್ಭಿಣಿಯರ ನೋಂದಣಿ, ಲಸಿಕೆ, ರಕ್ತದೊತ್ತಡ ಹಾಗೂ ಮಧುಮೇಹ ತಪಾಸಣೆ ಲಭ್ಯವಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಗಳ ಸೇವೆ, ಔಷಧಿ ಮತ್ತು ಪ್ರಯೋಗಾಲಯ ಪರೀಕ್ಷೆಗಳು ದೊರೆಯುತ್ತವೆ. ತಜ್ಞ ವೈದ್ಯರ ಸೇವೆಗೆ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಅಥವಾ ಮಡಿಕೇರಿಯ ಬೋಧಕ ಆಸ್ಪತ್ರೆಗೆ ತೆರಳಬೇಕು. ಅಲ್ಲಿ ಲಭ್ಯವಿಲ್ಲದ ಚಿಕಿತ್ಸೆಗಾಗಿ ರೋಗಿಗಳನ್ನು ಸಾಮಾನ್ಯವಾಗಿ ಮೈಸೂರು ಅಥವಾ ಮಂಗಳೂರಿಗೆ ಕಳುಹಿಸಲಾಗುತ್ತದೆ. ಎರಡೂ ನಗರಗಳು ಮಡಿಕೇರಿಯಿಂದ ನೂರು ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿವೆ.

3. ನೀತಿ ಮತ್ತು ಯೋಜನೆ ರೂಪುಗೊಳ್ಳುವ ವಿಧಾನ

ಆರೋಗ್ಯ ನೀತಿಯನ್ನು ಜಿಲ್ಲೆಯು ಸ್ವತಂತ್ರವಾಗಿ ರಚಿಸುವುದಿಲ್ಲ. 2004ರ ಕರ್ನಾಟಕ ರಾಜ್ಯ ಸಮಗ್ರ ಆರೋಗ್ಯ ನೀತಿ ಹಾಗೂ 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಚೌಕಟ್ಟಿನಲ್ಲಿ ಜಿಲ್ಲೆಯ ಅಗತ್ಯಗಳನ್ನು ಗುರುತಿಸಿ ಜಿಲ್ಲಾ ಆರೋಗ್ಯ ಕ್ರಿಯಾ ಯೋಜನೆಯನ್ನು ಸಿದ್ಧಪಡಿಸಲಾಗುತ್ತದೆ. ಈ ಪದ್ಧತಿಯು 2005ರ ಏಪ್ರಿಲ್‌ನಲ್ಲಿ ಆರಂಭಗೊಂಡ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಜಾರಿಗೆ ಬಂದಿತು. ಈ ಅಭಿಯಾನವು 2013ರಿಂದ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಂಗವಾಗಿದೆ.

ಗ್ರಾಮ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರುತ್ತದೆ. ಗ್ರಾಮ ಪಂಚಾಯತಿ ಸದಸ್ಯರು, ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆ ಇದರಲ್ಲಿರುತ್ತಾರೆ. ಕುಡಿಯುವ ನೀರಿನ ಮೂಲ ಕಲುಷಿತವಾಗಿರುವುದು, ಹಾಡಿಗೆ ಲಸಿಕಾ ತಂಡ ಬಾರದಿರುವುದು ಮುಂತಾದ ವಿಷಯಗಳನ್ನು ಮೊದಲು ಇಲ್ಲಿ ಮಂಡಿಸಬೇಕು. ಗ್ರಾಮಗಳ ಬೇಡಿಕೆಗಳನ್ನು ಕೇಂದ್ರವಾರು ಮತ್ತು ತಾಲ್ಲೂಕುವಾರು ಕ್ರೋಢೀಕರಿಸಿ ಜಿಲ್ಲಾ ಯೋಜನೆ ರೂಪಿಸಲಾಗುತ್ತದೆ. ನಂತರ ಅದು ರಾಜ್ಯದ ಯೋಜನೆಯಲ್ಲಿ ಸೇರ್ಪಡೆಗೊಂಡು ಕೇಂದ್ರ ಸರ್ಕಾರದ ಅನುಮೋದನೆಗೆ ಹೋಗುತ್ತದೆ. ಅಭಿಯಾನದ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಅನುಪಾತದಲ್ಲಿ ಭರಿಸುತ್ತವೆ.

ಗ್ರಾಮ ಸಮಿತಿಯ ನಡಾವಳಿಯಲ್ಲಿ ದಾಖಲಾಗದ ಬೇಡಿಕೆಯು ಮೇಲಿನ ಹಂತಗಳನ್ನು ತಲುಪುವುದು ಕಷ್ಟ. ಆದುದರಿಂದ ಗ್ರಾಮಸ್ಥರು, ವಿಶೇಷವಾಗಿ ಹಾಡಿ ಮತ್ತು ತೋಟದ ನಿವಾಸಿಗಳು, ಸಮಿತಿಯ ಸಭೆಯಲ್ಲಿ ಹಾಗೂ ಗ್ರಾಮಸಭೆಯಲ್ಲಿ ತಮ್ಮ ವಿಷಯವನ್ನು ದಾಖಲಿಸುವುದು ಸೂಕ್ತ.

4. ತಾಯಿ ಮತ್ತು ಮಗುವಿನ ಸೇವೆಗಳು

ಗರ್ಭಿಣಿಯರು ಮೊದಲ ಮೂರು ತಿಂಗಳೊಳಗೆ ಉಪಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. 2011ರಲ್ಲಿ ಆರಂಭಗೊಂಡ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಕೆಳಗಿನ ಸೌಲಭ್ಯಗಳು ಸಂಪೂರ್ಣ ಉಚಿತ:

- ಸಾಮಾನ್ಯ ಹೆರಿಗೆ ಮತ್ತು ಶಸ್ತ್ರಚಿಕಿತ್ಸೆಯ ಹೆರಿಗೆ
- ಔಷಧಿ, ಪರೀಕ್ಷೆಗಳು ಮತ್ತು ಅಗತ್ಯವಿದ್ದಲ್ಲಿ ರಕ್ತ
- ಸಾಮಾನ್ಯ ಹೆರಿಗೆಗೆ 3 ದಿನ, ಶಸ್ತ್ರಚಿಕಿತ್ಸೆಯ ಹೆರಿಗೆಗೆ 7 ದಿನಗಳವರೆಗೆ ಆಹಾರ
- ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮೇಲಿನ ಆಸ್ಪತ್ರೆಗೆ ಮತ್ತು ಮರಳಿ ಮನೆಗೆ ವಾಹನ
- ಒಂದು ವರ್ಷದವರೆಗಿನ ಅನಾರೋಗ್ಯಪೀಡಿತ ಶಿಶುವಿಗೆ ಚಿಕಿತ್ಸೆ

ಬಡತನ ರೇಖೆಗಿಂತ ಕೆಳಗಿನ ಹಾಗೂ ಪರಿಶಿಷ್ಟ ಜಾತಿ ಮತ್ತು ಪಂಗಡದ ಗ್ರಾಮೀಣ ಮಹಿಳೆಯರಿಗೆ ಆಸ್ಪತ್ರೆಯ ಹೆರಿಗೆಗೆ ಜನನಿ ಸುರಕ್ಷಾ ಯೋಜನೆಯಡಿ 700 ರೂಪಾಯಿ ಸಹಾಯಧನವಿದೆ. ಪ್ರತಿ ತಿಂಗಳ 9ರಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ.

ಮಳೆಗಾಲದಲ್ಲಿ ಹೆರಿಗೆಯ ದಿನಾಂಕವಿರುವ ಗರ್ಭಿಣಿಯರ ಕುಟುಂಬದವರು ಹೆರಿಗೆಯ ಸ್ಥಳ ಮತ್ತು ವಾಹನದ ವ್ಯವಸ್ಥೆಯನ್ನು ಆರೋಗ್ಯ ಸಿಬ್ಬಂದಿಯೊಂದಿಗೆ ಮೊದಲೇ ನಿರ್ಧರಿಸಬೇಕು. ಹೊಳೆ ದಾಟಿ ಬರಬೇಕಾದ ಹಾಗೂ ಭೂಕುಸಿತದ ಅಪಾಯವಿರುವ ಊರುಗಳವರು ಆಸ್ಪತ್ರೆಗೆ ಸಮೀಪದ ಬಂಧುಗಳ ಮನೆಗೆ ಕೆಲವು ದಿನ ಮುಂಚಿತವಾಗಿಯೇ ಬರುವುದು ಕ್ಷೇಮಕರ. 2018ರ ಆಗಸ್ಟ್‌ನ ಭೂಕುಸಿತಗಳಲ್ಲಿ ಅನೇಕ ಗ್ರಾಮಗಳ ರಸ್ತೆಗಳು ಕೊಚ್ಚಿಹೋಗಿದ್ದವೆಂಬುದನ್ನು ಇಲ್ಲಿ ಸ್ಮರಿಸಬಹುದು.

5. ಹಾಡಿಗಳು ಮತ್ತು ತೋಟಗಳ ನಿವಾಸಿಗಳಿಗೆ

ಜಿಲ್ಲೆಯ ಜನಸಂಖ್ಯೆಯಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದಾರೆ. ಯರವ ಮತ್ತು ಜೇನುಕುರುಬರು ಇವರಲ್ಲಿ ಪ್ರಮುಖರು. ಜೇನುಕುರುಬರು ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಸಮುದಾಯವೆಂದು ಗುರುತಿಸಲ್ಪಟ್ಟಿದ್ದು, 2023ರ ನವೆಂಬರ್‌ನಲ್ಲಿ ಆರಂಭಗೊಂಡ ಪಿಎಂ-ಜನಮನ್ ಯೋಜನೆಯಲ್ಲಿ ಇಂತಹ ಸಮುದಾಯಗಳಿಗೆ ಸಂಚಾರಿ ಆರೋಗ್ಯ ಘಟಕದ ಸೇವೆಗೆ ಅವಕಾಶ ಕಲ್ಪಿಸಲಾಗಿದೆ.

ಗಿರಿಜನರಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆಯು ತಂದೆ ತಾಯಿಯರಿಂದ ಮಕ್ಕಳಿಗೆ ಬರುವ ಕಾಯಿಲೆ. ಇದರ ನಿರ್ಮೂಲನೆಗಾಗಿ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಲಾಗಿದ್ದು, 40 ವರ್ಷದೊಳಗಿನವರ ರಕ್ತ ತಪಾಸಣೆ ನಡೆಸಲಾಗುತ್ತದೆ. ವಿವಾಹಕ್ಕೆ ಮುಂಚೆಯೇ ತಪಾಸಣೆ ಮಾಡಿಸಿಕೊಂಡಲ್ಲಿ ಮುಂದಿನ ಪೀಳಿಗೆಗೆ ಬರಬಹುದಾದ ಅಪಾಯವನ್ನು ತಿಳಿಯಬಹುದು.

ಹೊರಜಿಲ್ಲೆ ಹಾಗೂ ಹೊರರಾಜ್ಯದಿಂದ ತೋಟದ ಕೆಲಸಕ್ಕೆ ಬಂದಿರುವವರ ಮಕ್ಕಳಿಗೂ ವಾಸಸ್ಥಳದ ಸಮೀಪದ ಕೇಂದ್ರದಲ್ಲಿ ಲಸಿಕೆ ನೀಡಲಾಗುತ್ತದೆ. ಹಿಂದಿನ ಊರಿನ ತಾಯಿ ಕಾರ್ಡ್ ಅಥವಾ ಲಸಿಕಾ ಕಾರ್ಡನ್ನು ಜೊತೆಯಲ್ಲಿ ತಂದಲ್ಲಿ, ಬಾಕಿಯಿರುವ ಲಸಿಕೆಗಳನ್ನು ಗುರುತಿಸಲು ಸಹಾಯವಾಗುತ್ತದೆ. ಕ್ಷಯರೋಗಿಗಳು ಕೆಲಸದ ಸ್ಥಳ ಬದಲಿಸುವ ಮುನ್ನ ಆರೋಗ್ಯ ಕೇಂದ್ರಕ್ಕೆ ತಿಳಿಸಿದಲ್ಲಿ ಹೊಸ ಸ್ಥಳದಲ್ಲಿ ಔಷಧಿ ಮುಂದುವರಿಸಲಾಗುವುದು. ಚಿಕಿತ್ಸಾ ಅವಧಿಯಲ್ಲಿ ನೀಡುವ ಪೌಷ್ಟಿಕ ಆಹಾರ ಭತ್ಯೆಯನ್ನು 2024ರ ನವೆಂಬರ್‌ನಿಂದ ಮಾಸಿಕ 500 ರೂಪಾಯಿಯಿಂದ 1,000 ರೂಪಾಯಿಗೆ ಹೆಚ್ಚಿಸಲಾಗಿದೆ.

6. ತುರ್ತು ಸಂದರ್ಭಗಳು

ಆರೋಗ್ಯ ಕವಚ 108 ಉಚಿತ ಆಂಬುಲೆನ್ಸ್ ಸೇವೆಯು ರಾಜ್ಯದಲ್ಲಿ 2008ರ ನವೆಂಬರ್‌ನಿಂದ ಜಾರಿಯಲ್ಲಿದೆ. ಕರೆ ಮಾಡುವವರು ಗ್ರಾಮದ ಹೆಸರಿನೊಂದಿಗೆ ತೋಟದ ಹೆಸರು, ಗೇಟಿನ ಗುರುತು ಹಾಗೂ ವಾಹನ ಬರಬಹುದಾದ ಕೊನೆಯ ಸ್ಥಳವನ್ನು ತಿಳಿಸಬೇಕು. ಮೊಬೈಲ್ ಸಂಪರ್ಕ ದೊರೆಯದ ಕಡೆ, ಸಂಪರ್ಕ ದೊರೆಯುವ ಸ್ಥಳವನ್ನು ಮನೆಮಂದಿಯೆಲ್ಲ ಮೊದಲೇ ತಿಳಿದಿರಬೇಕು.

ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯುವುದು, ಬಾಯಿಯಿಂದ ಹೀರುವುದು ಮತ್ತು ಬಿಗಿಯಾಗಿ ಕಟ್ಟುವುದು ಅಪಾಯಕರ. ಕಚ್ಚಿಸಿಕೊಂಡವರನ್ನು ನಡೆಸದೆ, ಗಾಯವಾದ ಅಂಗವನ್ನು ಅಲುಗಾಡಿಸದೆ, ತಡಮಾಡದೆ ಆಸ್ಪತ್ರೆಗೆ ಕರೆತರಬೇಕು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದೆ. ಇದರಿಂದ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಪ್ರತಿ ಪ್ರಕರಣವನ್ನು ವರದಿ ಮಾಡಬೇಕಾಗುತ್ತದೆ. ಎಲ್ಲಿ, ಯಾವ ಕಾಲದಲ್ಲಿ ಪ್ರಕರಣಗಳು ಹೆಚ್ಚೆಂಬುದು ಈ ವರದಿಗಳಿಂದ ತಿಳಿದಲ್ಲಿ, ವಿಷನಿರೋಧಕ ಔಷಧಿಯನ್ನು ಅಗತ್ಯವಿರುವ ಕೇಂದ್ರಗಳಲ್ಲಿ ಮುಂಚಿತವಾಗಿ ದಾಸ್ತಾನಿಡಲು ಸಾಧ್ಯವಾಗುತ್ತದೆ.

7. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ

2018ರಲ್ಲಿ ಜಾರಿಗೊಂಡ ಈ ಯೋಜನೆಯಡಿ ಆದ್ಯತಾ ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ದೊರೆಯುತ್ತದೆ. ಇತರ ಕುಟುಂಬಗಳಿಗೆ ನಿಗದಿತ ದರದ ಶೇಕಡ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ಅಗತ್ಯ ದಾಖಲೆಗಳು.

ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಅಂಶವೆಂದರೆ ಶಿಫಾರಸು ಪತ್ರ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಶಿಫಾರಸು ಪತ್ರ ನೀಡಲಾಗುತ್ತದೆ. ಪತ್ರವಿಲ್ಲದೆ ನೇರವಾಗಿ ಮೈಸೂರು ಅಥವಾ ಮಂಗಳೂರಿನ ಖಾಸಗಿ ಆಸ್ಪತ್ರೆಗೆ ದಾಖಲಾದವರು ಯೋಜನೆಯ ಸೌಲಭ್ಯದಿಂದ ವಂಚಿತರಾಗಿ ಸಾಲದ ಹೊರೆಗೆ ಸಿಲುಕುವ ಸಂಭವವಿರುತ್ತದೆ. ಯೋಜನೆಯಲ್ಲಿ ಗುರುತಿಸಿರುವ ತುರ್ತು ಚಿಕಿತ್ಸೆಗಳಿಗೆ ಶಿಫಾರಸು ಪತ್ರದ ಅಗತ್ಯವಿರುವುದಿಲ್ಲ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಂದ ಮಾಹಿತಿ ಪಡೆಯಬಹುದು.

8. ಪ್ರಮಾಣಪತ್ರಗಳು

ಜನನ ಮತ್ತು ಮರಣವನ್ನು ಘಟನೆ ನಡೆದ ಸ್ಥಳದಲ್ಲಿಯೇ ನೋಂದಾಯಿಸತಕ್ಕದ್ದು. ಸೋಮವಾರಪೇಟೆಯ ಮಹಿಳೆಗೆ ಮೈಸೂರಿನಲ್ಲಿ ಹೆರಿಗೆಯಾದಲ್ಲಿ ಮಗುವಿನ ನೋಂದಣಿ ಮೈಸೂರಿನಲ್ಲಾಗುತ್ತದೆ. 21 ದಿನಗಳೊಳಗಿನ ನೋಂದಣಿಗೆ ಶುಲ್ಕವಿರುವುದಿಲ್ಲ. 30 ದಿನಗಳವರೆಗೆ ವಿಳಂಬ ಶುಲ್ಕದೊಂದಿಗೆ, ನಂತರ ಒಂದು ವರ್ಷದವರೆಗೆ ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿಯೊಂದಿಗೆ ನೋಂದಾಯಿಸಬಹುದು. ಒಂದು ವರ್ಷ ಮೀರಿದಲ್ಲಿ ದಂಡಾಧಿಕಾರಿಯವರ ಆದೇಶ ಅವಶ್ಯಕ. 2023ರ ಅಕ್ಟೋಬರ್ 1ರಿಂದ ಜನಿಸಿದವರಿಗೆ ಶಾಲಾ ಪ್ರವೇಶ ಮುಂತಾದವುಗಳಿಗೆ ಜನ್ಮ ದಿನಾಂಕದ ಆಧಾರವಾಗಿ ಜನನ ಪ್ರಮಾಣಪತ್ರವೇ ಬೇಕಾಗುವುದರಿಂದ ವಿಳಂಬ ಸಲ್ಲದು.

ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಗೆ ಅಂತರ್ಜಾಲದಲ್ಲಿ ಅರ್ಜಿ ಸಲ್ಲಿಸಿ ವೈದ್ಯಕೀಯ ತಪಾಸಣೆಗೆ ಹಾಜರಾಗಬೇಕು. 2016ರ ಅಧಿನಿಯಮದಲ್ಲಿ 21 ಬಗೆಯ ನ್ಯೂನತೆಗಳನ್ನು ಗುರುತಿಸಲಾಗಿದ್ದು, ಕುಡಗೋಲು ಕಣ ಕಾಯಿಲೆಯೂ ಅವುಗಳಲ್ಲಿ ಸೇರಿದೆ.

9. ದೂರು ಮತ್ತು ಪರಿಹಾರ

ಸರ್ಕಾರಿ ಕೇಂದ್ರದಲ್ಲಿ ಸೇವೆ ನಿರಾಕರಿಸಿದಲ್ಲಿ ಅಥವಾ ಹಣ ಕೇಳಿದಲ್ಲಿ ಕ್ರಮವಾಗಿ ವೈದ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಯವರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ಕರೆ ಮಾಡಬಹುದು. ಖಾಸಗಿ ಆಸ್ಪತ್ರೆಗಳ ವಿರುದ್ಧದ ದೂರುಗಳನ್ನು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ದೂರಿನೊಂದಿಗೆ ದಿನಾಂಕ, ಆಸ್ಪತ್ರೆಯ ಚೀಟಿ ಮತ್ತು ರಸೀದಿಗಳ ಪ್ರತಿಯನ್ನು ಲಗತ್ತಿಸತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಗ್ರಾಮದ ಆಶಾ ಕಾರ್ಯಕರ್ತೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.