ಅಂಕೆಗೆ ಅಕ್ಷರದ ಆಸರೆ: ಸಂಖ್ಯಾಸ್ಮರಣೆಯ ಕ್ರಮಗಳು ಮತ್ತು ಕನ್ನಡದ ಉಚ್ಚಾರಣೆ

ಶರಾವತಿಯ ಅಳಿವೆಯ ದಕ್ಷಿಣ ದಂಡೆಯಲ್ಲಿರುವ ಕಾಸರಕೋಡ, ಹೊನ್ನಾವರ ತಾಲ್ಲೂಕಿಗೆ ಸೇರಿದ ಊರು. ಹೊನ್ನಾವರದ ದೂರವಾಣಿ ಸಂಕೇತ 08387. ಉತ್ತರಕ್ಕಿರುವ ಕುಮಟೆಯದು 08386, ದಕ್ಷಿಣಕ್ಕಿರುವ ಭಟ್ಕಳದ್ದು 08385. ಮೂರಕ್ಕೂ ಕೊನೆಯ ಅಂಕೆಯೊಂದರಲ್ಲಿ ಮಾತ್ರ ಭೇದ. ಆ ಭೇದವೂ ಊರುಗಳ ಭೌಗೋಳಿಕ ಕ್ರಮವನ್ನು ಅನುಸರಿಸುವುದಿಲ್ಲ. ಆದ್ದರಿಂದಲೇ ಒಂದರ ಬದಲು ಇನ್ನೊಂದು ನೆನಪಿಗೆ ಬರುವುದು ಸಹಜ. ಅಂಕೆಗಳಿಗೆ ತಮ್ಮದೇ ಆದ ಅರ್ಥಸಂಬಂಧವಿಲ್ಲ. ಅವುಗಳನ್ನು ಅರ್ಥವುಳ್ಳ ಪದಕ್ಕೆ ಕಟ್ಟಿದಾಗ ನೆನಪು ನಿಲ್ಲುತ್ತದೆ. ಮನಸ್ಸು ಒಮ್ಮೆಗೆ ಸುಮಾರು ಏಳು ಘಟಕಗಳನ್ನಷ್ಟೇ ಹಿಡಿದಿಡಬಲ್ಲದೆಂದು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಸೂಚಿಸಿದರು. ಹಲವು ಅಂಕೆಗಳನ್ನು ಒಂದು ಪದವಾಗಿಸಿದರೆ ಘಟಕಗಳ ಸಂಖ್ಯೆ ತಗ್ಗುತ್ತದೆ. ಭಾರತೀಯ ಶಾಸ್ತ್ರಪರಂಪರೆ ಈ ಅಗತ್ಯವನ್ನು ಬಹು ಹಿಂದೆಯೇ ಕಂಡುಕೊಂಡು ಎರಡು ಮುಖ್ಯ ಕ್ರಮಗಳನ್ನು ರೂಪಿಸಿತು.

ಮೊದಲನೆಯದು ಭೂತಸಂಖ್ಯೆ. ಇದರಲ್ಲಿ ಲೋಕಪ್ರಸಿದ್ಧ ವಸ್ತುಗಳ ಹೆಸರೇ ಅಂಕೆಯ ಸ್ಥಾನದಲ್ಲಿ ನಿಲ್ಲುತ್ತದೆ. ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು, ಋತು ಆರು, ವಸು ಎಂಟು, ಆಕಾಶ ಸೊನ್ನೆ. ಬಿಡಿ ಸ್ಥಾನದಿಂದ ಆರಂಭಿಸಿ ಎಡಕ್ಕೆ ಸಾಗುವುದು ಓದಿನ ನಿಯಮ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಈ ಪದಗಳ ಬಳಕೆ ಹೇರಳವಾಗಿದೆ. ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಶಕವರ್ಷವನ್ನು ಹೇಳಲು ಇದೇ ಕ್ರಮ ಬಳಕೆಗೊಂಡಿದೆ. ಒಂದೊಂದು ಅಂಕೆಗೂ ಹಲವು ಪರ್ಯಾಯಪದಗಳು ಇರುವುದರಿಂದ ಛಂದಸ್ಸಿಗೆ ಒಪ್ಪುವ ಪದವನ್ನು ಆಯ್ದುಕೊಳ್ಳುವುದು ಸುಲಭ.

ಈ ಅನುಕೂಲದಲ್ಲಿಯೇ ತೊಡಕೂ ಇದೆ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಜೈನಮಠದ ಅಕಲಂಕದೇವರ ಶಿಷ್ಯನಾದ ಭಟ್ಟಾಕಳಂಕನು 592 ಸೂತ್ರಗಳ 'ಕರ್ಣಾಟಕ ಶಬ್ದಾನುಶಾಸನ'ವನ್ನು ಕ್ರಿ.ಶ. 1604ರಲ್ಲಿ ರಚಿಸಿದನು. ಆ ವರ್ಷ ಶಕ 1526ಕ್ಕೆ ಸಮ. ಇದನ್ನು ಭೂತಸಂಖ್ಯೆಯಲ್ಲಿ 'ರಸ-ನೇತ್ರ-ಬಾಣ-ಚಂದ್ರ' ಎಂದು ಹೇಳಬಹುದು. ಇದು ವಿವರಣೆಗಾಗಿ ರಚಿಸಿದ ಮಾದರಿಯೇ ಹೊರತು ಗ್ರಂಥದ ಮಾತಲ್ಲ. ಆದರೆ 'ರಸ' ಎಂಬುದು ನಾಲಗೆಯ ಷಡ್ರಸವೂ ಆಗಬಹುದು, ಕಾವ್ಯದ ನವರಸವೂ ಆಗಬಹುದು. ಒಂಬತ್ತೆಂದು ಗ್ರಹಿಸಿದರೆ ವರ್ಷ 1529 ಆಗುತ್ತದೆ. 'ಸಮುದ್ರ'ಕ್ಕೆ ನಾಲ್ಕು, ಏಳು ಎಂಬ ಎರಡು ಬೆಲೆಗಳಿವೆ. 'ಲೋಕ'ಕ್ಕೆ ಮೂರು, ಏಳು, ಹದಿನಾಲ್ಕು ಎಂಬ ಮೂರು. ಇಂಥ ಸಂದೇಹವನ್ನು ಬಿಡಿಸಲು ಸಂವತ್ಸರದ ಹೆಸರು ನೆರವಾಗುತ್ತದೆ. ಗತಶಕ 1526 ಕ್ರೋಧಿ ಸಂವತ್ಸರ, 1529 ಪ್ಲವಂಗ. ಶಾಸನಗಳಲ್ಲಿ ಶಕವರ್ಷದ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರಗಳು ಬರುವುದು ಹೀಗಾಗಿ ಕೇವಲ ಸಂಪ್ರದಾಯವಾಗಿ ಉಳಿಯದೆ, ಓದುಗನ ಪಾಲಿಗೆ ಪರೀಕ್ಷೆಯ ಸಾಧನವೂ ಆಗುತ್ತದೆ.

ಎರಡನೆಯ ಕ್ರಮ ಕಟಪಯಾದಿ. ಕ್ರಿ.ಶ. ಏಳನೆಯ ಶತಮಾನದ ಜ್ಯೋತಿರ್ವಿದ ಹರಿದತ್ತನ ವೇಳೆಗೆ ಇದು ಬಳಕೆಯಲ್ಲಿತ್ತು. ಕ, ಟ, ಪ, ಯ ಎಂಬ ಅಕ್ಷರಗಳಿಂದ ಎಣಿಕೆ ಮೊದಲಾಗುವುದರಿಂದ ಈ ಹೆಸರು. ಕಕಾರದಿಂದ ಝಕಾರದವರೆಗೆ ಒಂದರಿಂದ ಒಂಬತ್ತು, ಞ ಸೊನ್ನೆ. ಟಕಾರದಿಂದ ಧಕಾರದವರೆಗೆ ಒಂದರಿಂದ ಒಂಬತ್ತು, ನ ಸೊನ್ನೆ. ಪಕಾರದಿಂದ ಮಕಾರದವರೆಗೆ ಒಂದರಿಂದ ಐದು. ಯಕಾರದಿಂದ ಹಕಾರದವರೆಗೆ ಒಂದರಿಂದ ಎಂಟು, ಳ ಒಂಬತ್ತು. ವ್ಯಂಜನಕ್ಕೆ ಹತ್ತಿದ ಸ್ವರಕ್ಕೂ ಅನುಸ್ವಾರಕ್ಕೂ ಬೆಲೆಯಿಲ್ಲ. ಸಂಯುಕ್ತಾಕ್ಷರದಲ್ಲಿ ಕೊನೆಯ ವ್ಯಂಜನವೇ ಲೆಕ್ಕಕ್ಕೆ ಬರುತ್ತದೆ. ಓದು ಇಲ್ಲಿಯೂ ಬಲದಿಂದ ಎಡಕ್ಕೆ.

ಈ ನಿಯಮದಂತೆ 'ಮಂಜು' 85, 'ಚಂದ' 86, 'ಸಂಜೆ' 87. ಭಟ್ಕಳಕ್ಕೆ ಮಂಜು, ಕುಮಟೆಗೆ ಚಂದ, ಹೊನ್ನಾವರಕ್ಕೆ ಸಂಜೆ ಎಂದು ಜೋಡಿಸಿಕೊಂಡರೆ ಮೇಲೆ ಹೇಳಿದ ಮೂರು ಸಂಕೇತಗಳು ಬೆರೆತುಹೋಗುವುದಿಲ್ಲ. 'ಕಾಸರಕೋಡ' ಎಂಬ ಹೆಸರಿನ ಬೆಲೆ 31271. ಸ್ವರಕ್ಕೆ ಬೆಲೆಯಿಲ್ಲದ ಕಾರಣ 'ಕಾಸರಕೋಡು' ಎಂದು ಬರೆದರೂ ಅದು ಬದಲಾಗದು. ಕೇರಳಕ್ಕೆ ಸೇರಿದ 'ಕಾಸರಗೋಡು' ಮಾತ್ರ 33271. ಹೆಸರು ಕೇಳಿದೊಡನೆ ಗೊಂದಲಕ್ಕೆಡೆಯಾಗುವ ಎರಡು ಊರುಗಳು ಒಂದೇ ಅಕ್ಷರದ ಬಲದಿಂದ ಬೇರೆಯಾಗಿ ನಿಲ್ಲುತ್ತವೆ. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಿಯರ್ ಎರಿಗೋನ್ ಕೂಡ ಅಂಕೆಗಳಿಗೆ ಅಕ್ಷರಗಳನ್ನು ಗೊತ್ತುಮಾಡಿ ಪದ ಕಟ್ಟುವ ಕ್ರಮವೊಂದನ್ನು ರೂಪಿಸಿದ್ದನು.

ಕಟಪಯಾದಿಯ ಜೀವಂತ ಬಳಕೆ ಇಂದು ಕರ್ನಾಟಕ ಸಂಗೀತದಲ್ಲಿ ಕಾಣುತ್ತದೆ. ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡು ಅಕ್ಷರಗಳು ಮೇಳದ ಕ್ರಮಸಂಖ್ಯೆಯನ್ನು ತಿಳಿಸುತ್ತವೆ. ಮಾಯಾಮಾಳವಗೌಳ 15, ಖರಹರಪ್ರಿಯ 22, ಧೀರಶಂಕರಾಭರಣ 29, ಮೇಚಕಲ್ಯಾಣಿ 65. ಇಪ್ಪತ್ತನೆಯ ಮೇಳವನ್ನು 'ನಠಭೈರವಿ' ಎಂದು ಮಹಾಪ್ರಾಣದಿಂದಲೇ ಬರೆಯಬೇಕು. 'ನಟ' ಎಂದರೆ ಸಂಖ್ಯೆ ಹತ್ತಕ್ಕೆ ಇಳಿಯುತ್ತದೆ. ನಿಯಮಕ್ಕೆ ಅಪವಾದಗಳೂ ಇವೆ. 'ಚಕ್ರವಾಕ'ದಲ್ಲಿ ರಕಾರವನ್ನು ಹಿಡಿದರೆ 26 ಬರುತ್ತದೆ. ಮೇಳದ ಸಂಖ್ಯೆ 16 ಆದ್ದರಿಂದ ಅಲ್ಲಿ ಕಕಾರವನ್ನೇ ಗಣಿಸಬೇಕು. 'ದಿವ್ಯಮಣಿ' 48 ಆಗುವುದೂ ಯಕಾರವನ್ನು ಬಿಟ್ಟು ವಕಾರವನ್ನು ಹಿಡಿದಾಗಲೇ.

ಮೇಳದ ಸಂಖ್ಯೆ ಮೊದಲೇ ಗೊತ್ತಿರುವವನಿಗೆ ಈ ಅಪವಾದಗಳು ತೊಡಕಾಗುವುದಿಲ್ಲ. ಪದವೊಂದನ್ನೇ ನಂಬಿದವನಿಗೆ ಆಗುತ್ತವೆ. ಕನ್ನಡದ ಮಟ್ಟಿಗೆ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಕಟಪಯಾದಿ ಸಂಸ್ಕೃತದ ವರ್ಣಮಾಲೆಯನ್ನು ಆಧರಿಸಿದೆ. ಆಡುಗನ್ನಡದ ಹಲವು ಬಗೆಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಉಳಿದಿಲ್ಲ. 'ಧನ' (09) ಮತ್ತು 'ದನ' (08) ಕಿವಿಗೆ ಒಂದೇ ಆಗಿಬಿಡಬಹುದು. ಶ, ಷ, ಸ ಕ್ರಮವಾಗಿ ಐದು, ಆರು, ಏಳು. ನಾಲಗೆಯಲ್ಲಿ ಅವು ಬೆರೆತರೆ ಸಂಖ್ಯೆಯೂ ಬೆರೆಯುತ್ತದೆ. ಭಾಷೆಯ ಚರಿತ್ರೆಯೂ ಇಲ್ಲಿ ಮುಖ್ಯವಾಗುತ್ತದೆ. ಹಳಗನ್ನಡದ ಪದಾದಿಯ ಪಕಾರ ಮುಂದೆ ಹಕಾರವಾಯಿತು. 'ಪಾಲು' 31, ಅದೇ ಪದ 'ಹಾಲು' ಆದಾಗ 38. ಅಚ್ಚಗನ್ನಡ ಪದದಲ್ಲಿ ಸಂಖ್ಯೆಯನ್ನು ಅಡಗಿಸಿಟ್ಟರೆ, ಪದ ಬದುಕಿದ್ದೂ ಸಂಖ್ಯೆ ಅಳಿಯಬಹುದು. ತತ್ಸಮ ಪದಗಳು ಈ ಪಲ್ಲಟಕ್ಕೆ ಅಷ್ಟಾಗಿ ಒಳಗಾಗದ ಕಾರಣ ಇಂಥ ರಚನೆಗೆ ಹೆಚ್ಚು ಸುರಕ್ಷಿತ.

ಸ್ಮರಣೆಗೆ ಕನ್ನಡ ತನ್ನದೇ ನುಡಿಯಲ್ಲಿ ಹಿಡಿದ ದಾರಿ ಲಯದ್ದು. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ದಲ್ಲಿ ಲೆಕ್ಕದ ಸೂತ್ರಗಳನ್ನು ಕನ್ನಡದಲ್ಲಿ ಹೇಳಿದನು. ಕೂಲಿಮಠಗಳಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನೂ ಮಕ್ಕಳು ಒಕ್ಕೊರಲಿನಿಂದ ಬಾಯಿಪಾಠ ಮಾಡುತ್ತಿದ್ದರು. ಮಗ್ಗಿಯಲ್ಲಿ ಸಂಖ್ಯೆ ತನ್ನ ಹೆಸರಿನಲ್ಲಿಯೇ ಇರುತ್ತದೆ. ಉಚ್ಚಾರ ಮಾರ್ಪಟ್ಟರೂ ಬೆಲೆ ಕೆಡದು. ಸಾಲದುದಕ್ಕೆ ಹಿಂದಿನ ಸಾಲಿಗೆ ಮೂಲಸಂಖ್ಯೆಯನ್ನು ಕೂಡಿಸಿ ಮುಂದಿನ ಸಾಲನ್ನು ಪರೀಕ್ಷಿಸಬಹುದು.

ಒಟ್ಟಿನಲ್ಲಿ, ಸ್ಮರಣತಂತ್ರದ ಯೋಗ್ಯತೆಯನ್ನು ನೆನಪಿನ ಸುಲಭತೆಯೊಂದರಿಂದಲೇ ಅಳೆಯಲಾಗದು. ತಪ್ಪಿದಾಗ ತಪ್ಪನ್ನು ತೋರಿಸಿಕೊಡುವ ದಾರಿ ಅದರಲ್ಲಿರಬೇಕು. ಭೂತಸಂಖ್ಯೆಗೆ ಸಂವತ್ಸರ, ಮಗ್ಗಿಗೆ ಕೂಡಿಕೆ ಆ ಕೆಲಸವನ್ನು ಮಾಡುತ್ತವೆ. ಕಟಪಯಾದಿಗೆ ಕಾವಲಾಗಿರುವುದು ಶುದ್ಧ ಬರಹ. ಶಾಸನ ಮತ್ತು ಹಸ್ತಪ್ರತಿಗಳ ಸಂಪಾದನೆಯಲ್ಲಿ ಒಂದು ಮಹಾಪ್ರಾಣವನ್ನು ತಿದ್ದುವ ಮುನ್ನ, ಅದು ಕಾಗುಣಿತದ ತಪ್ಪೋ ಅಡಗಿ ಕುಳಿತ ಅಂಕೆಯೋ ಎಂಬುದನ್ನು ನೋಡಬೇಕಾದುದು ಈ ಕಾರಣದಿಂದಲೇ.